ನಾನಿದ್ದೀನಿ ಅನ್ನೋ ಮಾತಿನ ಗಡಿ

ಕಾರು ಇನ್ನೂ ಶೋರೂಮಿನ ಗೇಟು ದಾಟಿರುವುದಿಲ್ಲ, ಆಗಲೇ ಅದು ಕೆಟ್ಟು ನಿಲ್ಲುವ ದಿನದ ಮಾತು ಬರುತ್ತದೆ. ಸಾಲದ ಕಾಗದಗಳಿಗೆ ಸಹಿ ಹಾಕಿ ಹಾಕಿ ಕೈ ಸೋತ ಹೊತ್ತಿಗೆ ಶೋರೂಮಿನ ಹುಡುಗ ಕೇಳುತ್ತಾನೆ: "ಅಣ್ಣಾ, ಎಕ್ಸ್‌ಟೆಂಡೆಡ್ ವಾರಂಟಿ ಹಾಕ್ಬಿಡ್ಲಾ? ಇಎಂಐನಲ್ಲೇ ಸೇರ್ಕೊಳ್ಳುತ್ತೆ." ಜೊತೆಗೆ ಬಂದ ಭಾವಮೈದ "ಹಾಕಿಸ್ಬಿಡ್ರಿ ಭಾವ, ಟೆನ್ಷನ್ ಇರಲ್ಲ" ಎನ್ನುತ್ತಾನೆ. ಹೊರಗೆ ಚಕ್ರಗಳಡಿ ನಿಂಬೆಹಣ್ಣು ಇಟ್ಟು ಮನೆಯವರು ಕಾಯುತ್ತಿದ್ದಾರೆ. ಅಂಥ ಗಳಿಗೆಯಲ್ಲಿ ಬೇಡ ಎಂದರೆ ಅಪಶಕುನ ನುಡಿದ ಹಾಗಾಗುತ್ತದೆ. ಮೂಲ ವಾರಂಟಿ ಮುಗಿಯುವ ಮೊದಲು ಸಾಮಾನ್ಯವಾಗಿ ಯಾವಾಗ ಬೇಕಾದರೂ ಇದನ್ನು ಕೊಳ್ಳಬಹುದು, ತಡವಾದಷ್ಟೂ ಬೆಲೆ ಏರುತ್ತದೆ ಅಷ್ಟೆ. ಆ ಮಾತನ್ನು ಅವತ್ತು ಯಾರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಟೆನ್ಷನ್ ಇರಲ್ಲ ಎನ್ನುವುದು ಎಷ್ಟರ ಮಟ್ಟಿಗೆ ನಿಜ?

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಕಡೆಯ ಕಾರುಗಳಿಗೆ ಕಾಗದ ಒಂದೂರು, ಓಡಾಟ ಇನ್ನೊಂದೂರು. 1997ರಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ ನಂಬರ್ ಪ್ಲೇಟು ಕೆಎ-17. ಆಸ್ಪತ್ರೆ, ಬಟ್ಟೆ, ಕಾರಿನ ಸರ್ವಿಸ್ ಎಂದರೆ ಕಾಲು ತಿರುಗುವುದು ಮಾತ್ರ ಈಗಲೂ ಶಿವಮೊಗ್ಗಕ್ಕೇ. ಅಡಿಕೆ ಕೊನೆ ಇಳಿಸಿ, ಸುಲಿದು, ಬೇಯಿಸುವ ತಿಂಗಳುಗಳಲ್ಲಿ ಕಾರು ಧೂಳು ಹೊದ್ದು ಶೆಡ್ಡಿನಲ್ಲಿರುತ್ತದೆ. ಮದುವೆ ಕಾಲ ಬಂತೆಂದರೆ ಬಿಡುವಿಲ್ಲದೆ ಓಡುತ್ತದೆ. ವಾರಂಟಿ ಈ ಏರಿಳಿತ ನೋಡುವುದಿಲ್ಲ. ಅದು ವರ್ಷವನ್ನೂ ಕಿಲೋಮೀಟರನ್ನೂ ಎಣಿಸುತ್ತದೆ, ಯಾವುದು ಮೊದಲು ತುಂಬಿತೋ ಅಲ್ಲಿಗೆ ಮುಗಿಯಿತು. 2024ರ ಜುಲೈನಲ್ಲಿ ಮಾರುತಿ ಸುಜುಕಿ ತನ್ನ ಮೂಲ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ನಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು, ಹಣ ಕೊಟ್ಟರೆ 6 ವರ್ಷ ಅಥವಾ 1.6 ಲಕ್ಷ ಕಿ.ಮೀ.ವರೆಗೆ ಎಳೆಯಬಹುದು ಎಂದಿತು. ವರ್ಷಕ್ಕೆ 8,000 ಕಿ.ಮೀ. ಓಡುವ ತೋಟದ ಮನೆಯ ಕಾರು ಆರು ವರ್ಷಕ್ಕೆ ಐವತ್ತು ಸಾವಿರವನ್ನೂ ಮುಟ್ಟುವುದಿಲ್ಲ. ಕೊಂಡ ಭರವಸೆಯಲ್ಲಿ ಲಕ್ಷಕ್ಕೂ ಹೆಚ್ಚು ಕಿಲೋಮೀಟರು ಹಾಗೇ ಉಳಿದುಹೋಗುತ್ತದೆ.

ಇನ್ನು ಕೆಡುವುದಾದರೂ ಏನು? ಭತ್ತದ ಕೊಯ್ಲು ಮುಗಿದು ಗದ್ದೆ ಬರಿದಾದಾಗ ಇಲಿಗಳು ಮನೆ ಕಡೆ ಬರುತ್ತವೆ. ಎಂಜಿನ್ ಬೆಚ್ಚಗಿರುತ್ತದಲ್ಲ, ಬಾನೆಟ್ ಎತ್ತಿದರೆ ಒಣಹುಲ್ಲು, ಬಟ್ಟೆಚೂರು, ಕಡಿದ ವೈರು. ಅದು ವಾರಂಟಿಗೆ ಬರುವುದಿಲ್ಲ. ನೀರು ಹರಿಯುವ ಹಳ್ಳ ದಾಟಿಸಲು ಹೋಗಿ ಎಂಜಿನ್ನಿಗೆ ನೀರು ನುಗ್ಗಿದರೂ ಇಲ್ಲ. ಅದಕ್ಕೆ ವಿಮೆಯಲ್ಲಿ ಬೇರೆಯೇ ರಕ್ಷಣೆ ಕೊಳ್ಳಬೇಕು. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟು, ಟೈರು, ವೈಪರ್ ಸವೆಯುವ ಸಾಮಾನು, ಅವೂ ಇಲ್ಲ. ಹೊರಗಡೆ ವೈರು ಕತ್ತರಿಸಿ ಲೈಟು, ಹಾರ್ನು ಹಾಕಿಸಿದ್ದರೆ, ಸರ್ವಿಸ್ ತಪ್ಪಿಸಿದ್ದರೆ ಇರುವುದಕ್ಕೂ ಕುತ್ತು. ಉಳಿಯುವುದು ತಾನಾಗಿ ಕೈಕೊಡುವ ಭಾಗಗಳು: ಗೇರ್‌ಬಾಕ್ಸ್, ಎಸಿ ಕಂಪ್ರೆಸರ್, ಸ್ಟೀರಿಂಗ್ ಮೋಟರ್, ಎಂಜಿನ್ನಿನ ಕಂಪ್ಯೂಟರ್. ಕೆಡುವುದು ಅಪರೂಪ, ಕೆಟ್ಟರೆ ಹತ್ತಾರು ಸಾವಿರ.

ಈ ಬಗೆಯ ಲೆಕ್ಕ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಗೆ ಅವರು ವಿಮಾ ಮೊತ್ತದ ಶೇ 5ರಷ್ಟು ಕಂತು ಕಟ್ಟುತ್ತಾರೆ. ಪರಿಹಾರ ಬರುವುದು ತೋಟದಲ್ಲಿ ಎಷ್ಟು ಕಾಯಿ ಉದುರಿತು ಎಂದು ನೋಡಿ ಅಲ್ಲ, ಗ್ರಾಮ ಪಂಚಾಯಿತಿಯ ಮಳೆಮಾಪಕ ಏನು ಹೇಳಿತು ಎಂದು ನೋಡಿ. ತೋಟ ಸೋತರೂ ಮಾಪಕ ಸರಿಯಿದ್ದರೆ ದುಡ್ಡಿಲ್ಲ. ತೋಟ ನಳನಳಿಸುತ್ತಿದ್ದರೂ ಮಾಪಕ ಎಡವಟ್ಟಾಗಿದ್ದರೆ ಖಾತೆಗೆ ದುಡ್ಡು. ಬೈಯುತ್ತಲೇ ಮುಂದಿನ ವರ್ಷವೂ ಕಟ್ಟುತ್ತಾರೆ. ವಾರಂಟಿಯೂ ಕಾರು ನಿಂತಿತಾ ಎಂದು ಕೇಳುವುದಿಲ್ಲ, ಯಾಕೆ ನಿಂತಿತು ಎಂದು ಕೇಳುತ್ತದೆ. ನಮಗೆ ಬೇಕಾಗಿದ್ದು ಮೊದಲನೆಯ ಪ್ರಶ್ನೆ ಕೇಳುವವನು.

ಹಳೇ ಕಾರು ಕೊಳ್ಳುವಾಗ ಅಂಥವನು ಸಿಗುತ್ತಾನೆ. ಗುರುತಿನ ಮೆಕ್ಯಾನಿಕ್ ಎಂಜಿನ್ ಚಾಲೂ ಮಾಡಿಸಿ ಆಯಿಲ್ ಮುಚ್ಚಳ ತೆಗೆಯುತ್ತಾನೆ, ಹೊಗೆ ಹೊಡೆಯುತ್ತದಾ ಎಂದು ಅಂಗೈ ಅಡ್ಡ ಹಿಡಿಯುತ್ತಾನೆ. ಡಿಪ್‌ಸ್ಟಿಕ್ಕಿನ ಆಯಿಲನ್ನು ಬೆರಳಲ್ಲಿ ಉಜ್ಜುತ್ತಾನೆ. ಬಾಗಿಲ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ತಾಗಿದೆ ಎಂದರ್ಥ. ಮೀಟರು ನಲವತ್ತು ಸಾವಿರ ತೋರಿಸುತ್ತಿದ್ದು ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ಬಾಯಿಬಿಡದೆ ನಮ್ಮ ಕಡೆ ನೋಡುತ್ತಾನೆ. ಎಲ್ಲ ಮುಗಿದ ಮೇಲೆ ಮಾರುವವನ ಮಾತು: "ನಾನಿದ್ದೀನಲ್ಲಣ್ಣ, ಏನಾದ್ರೂ ಆದ್ರೆ ಒಂದು ಫೋನ್ ಮಾಡು."

ಅಚ್ಚಾದ ವಾರಂಟಿ ಪುಸ್ತಕಕ್ಕಿಂತ ಈ ಮಾತೇ ಮೇಲು ಎನ್ನಲು ಮನಸ್ಸು ಎಳೆಯುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಆ ಮಾತಿಗೆ ಗಡಿಯಿಲ್ಲ, ಹಾಗಾಗಿ ಅದನ್ನು ಮುರಿಯುವುದೂ ಸುಲಭ. ಮೂರನೇ ಫೋನಿಗೆ ಗಂಟೆ ಬಡಿದು ನಿಲ್ಲುತ್ತದೆ. ಗುರುತಿನವನ ಮೇಲೆ ದೂರು ಕೊಡಲು ಮುಖವೂ ಬರುವುದಿಲ್ಲ. ವಾರಂಟಿ ಪುಸ್ತಕ ಜಿಪುಣ, ಆದರೆ ತಾನು ಎಲ್ಲೆಲ್ಲಿ ಇರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತದೆ. ಇರುತ್ತೇನೆ ಎಂದ ಕಡೆ ಕೈಕೊಟ್ಟರೆ, ಶಿವಮೊಗ್ಗದಲ್ಲಿ ಕೊಂಡಿದ್ದರೂ ದೂರನ್ನು ದಾವಣಗೆರೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಗ್ರಾಹಕ ವಾಸವಿರುವ ಕಡೆಯೇ ಆ ಹಕ್ಕು ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಇನ್ನೊಂದು ಕೊರಗಿದೆ: ಆರು ವರ್ಷ ಏನೂ ಕೆಡದಿದ್ದರೆ ಕಟ್ಟಿದ್ದೆಲ್ಲ ದಂಡವಾಯಿತಲ್ಲ ಎಂದು. ಅದರಲ್ಲಿ ಒಂದು ಪಾಲು ಕಂಪನಿಯ ಲಾಭ, ಒಂದು ಪಾಲು ಡೀಲರನ ಕಮಿಷನ್, ಉಳಿದದ್ದು ಎಲ್ಲೋ ಗುರುತಿಲ್ಲದವನ ಗೇರ್‌ಬಾಕ್ಸಿಗೆ ಹೋಗಿರುತ್ತದೆ. ದಂಡ ಎನ್ನುವವನು ತನ್ನ ಕಾರು ಕೆಟ್ಟಿದ್ದರೆ ಚೆನ್ನಾಗಿತ್ತು ಎಂದು ಒಳಗೊಳಗೇ ಬಯಸುತ್ತಿರುತ್ತಾನೆ. ದುಡ್ಡು ಮನಸ್ಸನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ನೋಡಿ.

ಹಾಗಾಗಿ ಹಾಕಿಸಲಾ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕಾರಿನ ಬಗ್ಗೆ ವಿಚಾರಿಸುವುದಿಲ್ಲ, ಮನೆಯ ಬಗ್ಗೆ ವಿಚಾರಿಸುತ್ತೇನೆ. ನಾಲ್ಕು ವರ್ಷಕ್ಕೇ ಕಾರು ಬದಲಿಸುವವರಾ, ಸಂತೆ, ಸೊಸೈಟಿ, ಚನ್ನಗಿರಿಯ ಅಡಿಕೆ ಮಂಡಿ ಬಿಟ್ಟು ಹೊರಗೆ ಹೋಗದವರಾ? ಆ ದುಡ್ಡು ಬ್ಯಾಂಕಿನಲ್ಲಿರಲಿ, ಇಲಿ ಕಡಿದ ವೈರಿಗಾದರೂ ಆಗುತ್ತದೆ. ವಾರಕ್ಕೆರಡು ಸಲ ಅಪ್ಪನನ್ನು ಡಯಾಲಿಸಿಸ್‌ಗೆ ಶಿವಮೊಗ್ಗಕ್ಕೆ ಕರೆದೊಯ್ಯುವವರಾ, ಒಮ್ಮೆಗೇ ಅರವತ್ತು ಸಾವಿರದ ಬಿಲ್ಲು ಬಂದರೆ ಬಡ್ಡಿಗೆ ಕೈಚಾಚಬೇಕಾದವರಾ? ಹಾಕಿಸಲಿ. ಹಾಕಿಸುವ ಮೊದಲು ಏನೇನು ಬರುವುದಿಲ್ಲ ಎಂದು ಬರೆದ ಪುಟವನ್ನು, ನಿಂಬೆಹಣ್ಣಿಗೆ ಅವಸರ ಮಾಡದೆ, ಅಲ್ಲೇ ಕೂತು ಹುಡುಗನಿಂದಲೇ ಓದಿಸಿಕೊಳ್ಳಲಿ.