ಋಣವೂ ನೆಲೆಯೂ

ಒಬ್ಬನು ಒಂದೂರನ್ನು ಬಿಟ್ಟು ಹೊರಟಾಗ "ಅವನಿಗೆ ಆ ಊರಿನ ನೀರಿನ ಋಣ ತೀರಿತು" ಎಂದು ನಮ್ಮಲ್ಲಿ ಹೇಳುವುದುಂಟು. ನೀರು ಕುಡಿದವನು ಋಣಿ; ಋಣವಿರುವವರೆಗೆ ಅವನು ಅಲ್ಲಿಯವನು; ಇದೇ ಆ ಮಾತಿನ ಅಂತರಾರ್ಥ. ಈ ಹಳೆಯ ಮಾತನ್ನು ಹೊಸದಾಗಿ ಚಿಂತಿಸುವ ಪ್ರಸಂಗವೊಂದು ಕಳೆದ ವರ್ಷ ನಮ್ಮ ಮನೆಗೆ ಒದಗಿತು. ಇಂದು ಅನೇಕ ಮನೆಗಳಿಗೆ ಒದಗುತ್ತಿರುವ ಪ್ರಸಂಗವದು. ಆದುದರಿಂದ ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ನಂಬುತ್ತೇನೆ.

ತೀರಿಹೋದ ನನ್ನ ತಮ್ಮನ ಮಗನು ಜರ್ಮನಿಯಲ್ಲಿ ಉದ್ಯೋಗದಲ್ಲಿದ್ದಾನೆ. ಹೋಗಿ ಒಂಬತ್ತು ವರ್ಷಗಳಾದುವು. ಮಕ್ಕಳು ಅಲ್ಲಿಯ ಶಾಲೆಯಲ್ಲಿಯೇ ಓದುತ್ತಾರೆ. ಬ್ಯಾಂಕಿನಲ್ಲಿ ಮೂವತ್ತು ವರ್ಷಗಳ ಸಾಲಮಾಡಿ, ಕೊಳ್ಳುವ ಮನೆಯನ್ನೇ ಅಡವಿಟ್ಟು, ಅಲ್ಲಿ ವಾಸಕ್ಕೊಂದು ಮನೆ ಕೊಳ್ಳಬೇಕೆಂದು ಅವನು ಬರೆದನು. ಸಾಲದ ಜೊತೆಗೆ ಕೈಯಿಂದ ತರಬೇಕಾದ ಹಣಕ್ಕಾಗಿ ಹಳ್ಳಿಯಲ್ಲಿರುವ ಹಿರಿಯರ ಮನೆಯನ್ನು ಮಾರಿ ತನ್ನ ಪಾಲನ್ನು ಕೊಡಬೇಕೆಂದೂ, ಅದಕ್ಕೆ ನನ್ನ ರುಜು ಬೇಕೆಂದೂ ಕೇಳಿದನು. ಅವನ ತಾಯಿ ಕಾಗದವನ್ನು ಓದಿಸಿಕೇಳಿ, "ಅಲ್ಲಿ ಮನೆ ಕೊಂಡಮೇಲೆ ಇಲ್ಲಿಗೆ ಬರುವುದುಂಟೆ?" ಎಂದು ಒಂದೇ ಮಾತು ಆಡಿದಳು. ನಾನು ಎರಡು ತಿಂಗಳು ರುಜು ಹಾಕಲಿಲ್ಲ. ಹಾಕದಿರುವುದಕ್ಕೆ ಧರ್ಮದ ಕಾರಣಗಳನ್ನು ಹುಡುಕಿದೆನು. ಆ ಕಾರಣಗಳನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುಸ್ಥಿತಿ. ಜರ್ಮನಿಯಲ್ಲಿ ಮನೆ ಕೊಳ್ಳಲು ಪರದೇಶೀಯನಿಗೆ ಪೌರತ್ವದ ತಡೆಯಿಲ್ಲ. ಆದರೆ ಕ್ರಯವು ಬಾಯಿಮಾತಿನಿಂದ ಸಿದ್ಧಿಸದು. ನೋಟರಿಯು ಕರಾರುಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಉಭಯಪಕ್ಷದವರ ಎದುರಿನಲ್ಲಿ ಗಟ್ಟಿಯಾಗಿ ಓದಬೇಕು. ಭಾಷೆ ತಿಳಿಯದವನಿಗೆ ಅನುವಾದಮಾಡಿ ಹೇಳಿಸಬೇಕು. ಬಳಿಕ ನ್ಯಾಯಸ್ಥಾನದಲ್ಲಿರುವ ಭೂದಾಖಲೆಯ ಒಂದು ಭಾಗದಲ್ಲಿ ಒಡೆಯನ ಹೆಸರೂ ಇನ್ನೊಂದು ಭಾಗದಲ್ಲಿ ಬ್ಯಾಂಕಿನ ಅಡವೂ ಬರೆಯಲ್ಪಡುತ್ತವೆ. ಕ್ರಯದ ತೆರಿಗೆ ಪ್ರಾಂತಕ್ಕೊಂದು ಬಗೆ: ಬವೇರಿಯದಲ್ಲಿ ನೂರಕ್ಕೆ 3.5, ನಾರ್ಡ್‌ರೈನ್-ವೆಸ್ಟ್‌ಫಾಲಿಯದಲ್ಲಿ 6.5. ಇಂತಹ ವೆಚ್ಚಗಳನ್ನು ಕೊಳ್ಳುವವನು ಸಾಮಾನ್ಯವಾಗಿ ತನ್ನ ಕೈಯಿಂದಲೇ ಕೊಡಬೇಕಾಗುತ್ತದೆ. ಸಾಲ ಕೊಡುವ ಮುನ್ನ ಬ್ಯಾಂಕು ಸಂಬಳವನ್ನಲ್ಲದೆ ವಾಸದ ಅನುಮತಿಯನ್ನೂ ನೋಡುತ್ತದೆ. ನೀಲಿ ಕಾರ್ಡೆಂಬ ರಹದಾರಿಯ ಮೇಲೆ ದುಡಿಯುವವನಿಗೆ 27 ತಿಂಗಳ ಬಳಿಕ, ಭಾಷೆಯನ್ನು ತಕ್ಕಮಟ್ಟಿಗೆ ಕಲಿತಿದ್ದರೆ 21 ತಿಂಗಳ ಬಳಿಕ, ಶಾಶ್ವತ ವಾಸದ ಹಕ್ಕು ದೊರೆಯಬಹುದು. ದೊರೆತರೆ ಸಾಲವು ಸುಲಭ. ಇದರ ವಿಪರ್ಯಯವು ಮಾತ್ರ ಸಲ್ಲದು: ಮನೆ ಕೊಂಡಮಾತ್ರಕ್ಕೆ ವಾಸದ ಹಕ್ಕು ಬರುವುದಿಲ್ಲ. ಮನೆಗೆ ಒಡೆಯನಾಗಿಯೂ ಆ ಮನೆಯಲ್ಲಿರಲು ಅನುಮತಿಯಿಲ್ಲದವನಾಗುವುದು ಸಾಧ್ಯ. ಒಡೆತನ ಬೇರೆ, ನೆಲೆ ಬೇರೆ ಎಂಬುದನ್ನು ಆ ಕಾನೂನು ಅರಿತಿದೆ.

ನನ್ನ ಮೊದಲನೆಯ ಆಕ್ಷೇಪ ಸಾಲವನ್ನು ಕುರಿತದ್ದು. ಸಾಲಕ್ಕೆ ಅಂಜಬೇಕೆಂದು ನಮಗೆ ಎಳವೆಯಿಂದ ಕಲಿಸಿದ್ದಾರೆ. ಬಡ್ಡಿಗೆ ಹೊಲ ಕಳೆದುಕೊಂಡ ಮನೆತನಗಳು ಯಾವ ತಾಲ್ಲೂಕಿನಲ್ಲಿ ಇಲ್ಲ? ಆದರೆ ಅವರನ್ನು ಕೆಡಿಸಿದ್ದು ಸಾಲವೊಂದೇ ಅಲ್ಲ, ಓದಿ ತಿಳಿಯದ ಪತ್ರ ಮತ್ತು ಕೊನೆಯಿಲ್ಲದ ಬಡ್ಡಿ. ಜರ್ಮನಿಯಲ್ಲಿ ಬಡ್ಡಿಯ ದರವನ್ನು ಎಷ್ಟು ದೀರ್ಘಕಾಲಕ್ಕೆ ನಿಗದಿಮಾಡಿದ್ದರೂ, ಹಣ ಪೂರ್ತಿ ಸಂದು 10 ವರ್ಷಗಳಾದ ಮೇಲೆ 6 ತಿಂಗಳ ಮುನ್ಸೂಚನೆ ಕೊಟ್ಟು ದಂಡವಿಲ್ಲದೆ ಸಾಲ ತೀರಿಸುವ ಹಕ್ಕನ್ನು ಕಾನೂನು ಸಾಲಗಾರನಿಗೆ ಕೊಟ್ಟಿದೆ. ಮೇಲಾಗಿ, ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೊಡನೆಯೇ ಹುಟ್ಟುವನೆಂದು ಹೇಳಿದ ನಾವು ಋಣವನ್ನು ಬರಿಯ ಕೇಡೆಂದು ಹೇಗೆ ಹೇಳೋಣ? ಋಣವೆಂದರೆ ಸಂಬಂಧ. ಮೂವತ್ತು ವರ್ಷಗಳ ಸಾಲವನ್ನು ಪರದೇಶೀಯನಿಗೆ ಕೊಡುವವನು ಇವನು ಓಡಿಹೋಗಲಾರನೆಂದು ನಂಬುತ್ತಾನೆ. ಪಡೆಯುವವನು ಈ ನಾಡು ತನ್ನನ್ನು ಹೊರಡಿಸಲಾರದೆಂದು ನಂಬುತ್ತಾನೆ. ಎರಡನೆಯ ನಂಬಿಕೆಯೇ ಹೆಚ್ಚು ಕಷ್ಟದ್ದು. 1913ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯವು, ಪೌರತ್ವಕ್ಕೆ ಅನರ್ಹರಾದ ಪರದೇಶೀಯರು ಸಾಗುವಳಿಯ ಭೂಮಿಗೆ ಒಡೆಯರಾಗಕೂಡದೆಂದು ವಿಧಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಆ ದೇಶದ ಪರಮೋಚ್ಚ ನ್ಯಾಯಾಲಯವು ಭಾರತೀಯರು ಅನರ್ಹರೆಂದು ತೀರ್ಪಿತ್ತಾಗ, ಅಲ್ಲಿ ಬೇಸಾಯ ಹೂಡಿದ್ದ ಪಂಜಾಬಿನವರಿಗೂ ಅದು ತಗುಲಿತು. 1952ರಲ್ಲಿ ಆ ವಿಧಿಯು ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಅಷ್ಟರೊಳಗೆ ಒಂದು ತಲೆಮಾರು ಕಳೆದಿತ್ತು. ಈ ಅಪಾಯವನ್ನು ತಿಳಿದೂ ಸಾಲಕ್ಕೆ ಕೈಯೊಡ್ಡುವವನು ಆ ನಾಡಿನ ಮೇಲೆ ವಿಶ್ವಾಸವಿಟ್ಟವನೇ ಸರಿ.

ಎರಡನೆಯ ಆಕ್ಷೇಪ: ಆತಿಥ್ಯ ಕೊಟ್ಟವನ ಮಕ್ಕಳಿಗೇ ಮನೆ ದೊರೆಯದಿರುವಾಗ ಅತಿಥಿಯು ಮನೆ ಕೊಳ್ಳಬಹುದೆ? ಇದು ತಳ್ಳಿಬಿಡತಕ್ಕ ಪ್ರಶ್ನೆಯಲ್ಲ. ಜರ್ಮನಿಯಲ್ಲಿ ಸುಮಾರು ಅರ್ಧದಷ್ಟು ಜನರು ಬಾಡಿಗೆಯ ಮನೆಗಳಲ್ಲಿದ್ದಾರೆ. ಕೆನಡವು 2023ರ ಜನವರಿ 1ರಿಂದ, ಪರದೇಶೀಯರು ವಾಸದ ಮನೆಗಳನ್ನು ಕೊಳ್ಳಕೂಡದೆಂದು ಎರಡು ವರ್ಷಗಳ ಮಟ್ಟಿಗೆ ಕಾನೂನು ಮಾಡಿ, ಬಳಿಕ ಅದನ್ನು 2027ರ ಆರಂಭದವರೆಗೆ ಬೆಳೆಸಿತು. ಆದರೆ ಅದೇ ಕಾನೂನಿನಲ್ಲಿ, ದುಡಿಮೆಯ ಅನುಮತಿಯಲ್ಲಿ 183 ದಿನಗಳಾದರೂ ಉಳಿದಿರುವ ಪರದೇಶೀಯನಿಗೆ ಒಂದು ಮನೆಯನ್ನು ಕೊಳ್ಳಲು ಅವಕಾಶ ಕೊಟ್ಟಿತು. ಈ ವಿವೇಕವು ನನಗೆ ಒಪ್ಪಿಗೆಯಾಗುತ್ತದೆ. ಬಂದು ನೆಲಸಿ, ದುಡಿದು, ತೆರಿಗೆ ತೆತ್ತು, ಒಲೆ ಹಚ್ಚುವವನು ಒಬ್ಬ; ದೂರದಲ್ಲಿದ್ದು ಕೊಂಡು ಬೀಗ ಹಾಕಿ ಬೆಲೆ ಏರುವುದನ್ನು ಕಾಯುವವನು ಇನ್ನೊಬ್ಬ. ಇಬ್ಬರ ಕ್ರಯಪತ್ರವೂ ಒಂದೇ ಬಗೆಯದಾದರೂ ಧರ್ಮವು ಒಂದೇ ಅಲ್ಲ. ನಾವೂ ಪರರನ್ನು ದೂರುವಂತಿಲ್ಲ. ಕರ್ಣಾಟಕದಲ್ಲಿ 2020ರವರೆಗೆ ಬೇಸಾಯಗಾರನಲ್ಲದವನು ಸಾಗುವಳಿಯ ಭೂಮಿಯನ್ನು ಕೊಳ್ಳಲು ನಿರ್ಬಂಧವಿದ್ದಿತು. ಪರದೇಶದ ಪೌರತ್ವ ಪಡೆದ ಕನ್ನಡಿಗನು ಇಲ್ಲಿರುವ ತಂದೆಯ ಗದ್ದೆಯನ್ನು ಉತ್ತರಾಧಿಕಾರದಿಂದ ಪಡೆಯಬಲ್ಲನೇ ಹೊರತು, ಪಕ್ಕದ ಗದ್ದೆಯನ್ನು ಕ್ರಯಕ್ಕೆ ಕೊಳ್ಳಲಾರನು.

ಮೂರನೆಯ ಆಕ್ಷೇಪ: ಹಿರಿಯರ ಮನೆಯನ್ನು ಮಾರಿ ಪರದೇಶದಲ್ಲಿ ಮನೆ ಮಾಡುವುದು ಪಿತೃದ್ರೋಹವಲ್ಲವೆ? ಇದನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆನು. ಆದರೆ ಎರಡನೆಯ ಪ್ರಶ್ನೆಗೆ ಕಂಡುಕೊಂಡ ಸಮಾಧಾನವೇ ಇಲ್ಲಿ ನನ್ನ ವಿರುದ್ಧ ಸಾಕ್ಷಿಗೆ ನಿಂತಿತು. ಆ ಮನೆಗೆ ಬೀಗ ಬಿದ್ದು ಹದಿನಾಲ್ಕು ವರ್ಷಗಳಾಗಿದ್ದುವು. ತುಲಸಿಯ ಕಟ್ಟೆ ಬರಿದಾಗಿತ್ತು. ಹಿತ್ತಿಲ ಗೋಡೆ ಒಂದು ಮಳೆಗಾಲದಲ್ಲಿ ಕುಸಿದುದನ್ನು ಎತ್ತಿಸಿರಲಿಲ್ಲ. ನಾನು ಪಟ್ಟಣದಲ್ಲಿರುವವನು. ಬೇರೆ ಜಿಲ್ಲೆಯಿಂದ ಬಂದು ಅದೇ ಬೀದಿಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ಶಾಲೆಯ ಉಪಾಧ್ಯಾಯರೊಬ್ಬರು, ಬ್ಯಾಂಕಿನ ಸಾಲಮಾಡಿ ಕೊಳ್ಳುವೆವೆಂದು ಎರಡು ಸಲ ನನ್ನಲ್ಲಿಗೆ ಬಂದಿದ್ದರು. ಪರವೂರಿನವರೆಂದು ನಾನು ಮಾತು ಬೆಳೆಸಿರಲಿಲ್ಲ. ಜರ್ಮನಿಯವರು ನಮ್ಮ ಹುಡುಗನಿಗೆ ಹೀಗೆ ಮಾಡಿದ್ದರೆ ನಾನು ಏನೆನ್ನುತ್ತಿದ್ದೆನೋ! ನಾನು ಕಾಯುತ್ತಿದ್ದುದು ಪಿತೃಋಣವನ್ನಲ್ಲ. ಹುಡುಗನನ್ನು ಕಟ್ಟಿಹಾಕಲು ಒಂದು ಬೀಗವನ್ನು ಮಾತ್ರ. ಹಿರಿಯರು ಮನೆ ಕಟ್ಟಿದ್ದು ಜನರಿರಲೆಂದು. ಇರುವವರಿಗೆ ಅದನ್ನು ಬಿಡುವುದೂ ಅವರ ಋಣ ಸಲ್ಲಿಸುವ ಒಂದು ಬಗೆಯೇ.

ಹಾಗಾದರೆ ತಾಯಿಯ ಪ್ರಶ್ನೆಗೆ ಉತ್ತರವೇನು? ನನ್ನಲ್ಲಿ ಸಮಾಧಾನದ ಮಾತಿಲ್ಲ. ಅವನು ಬಾರದಿರಬಹುದು. ಹಾಗೆಂದು ಅವನಿಗೂ ಬರೆದೆನು: "ಮನೆ ಕೊಳ್ಳುವುದು ತಪ್ಪಲ್ಲ. ಆದರೆ ಹೊಸ ಋಣವೊಂದನ್ನು ಹೊತ್ತಮಾತ್ರಕ್ಕೆ ಹಳೆಯದು ತೀರಿತೆಂದು ಎಣಿಸಬೇಡ. ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ತಪ್ಪದೆ ಸಲ್ಲುವಂತೆ ತಾಯಿಯ ಕಂತೂ ಸಲ್ಲಲಿ. ಅದು ಹಣದಲ್ಲಿ ಎಣಿಸುವುದಲ್ಲ." ಅವನು ಈ ಬೇಸಗೆಯಲ್ಲಿ ಮಕ್ಕಳೊಡನೆ ಬಂದು ಒಂದು ತಿಂಗಳು ಇದ್ದು ಹೋದನು. ಮುಂದಿನದನ್ನು ಕಾಣಬೇಕು.

ಉಪಾಧ್ಯಾಯರಿಗೆ ಬೀಗದ ಕೈ ಕೊಟ್ಟ ದಿನ, ಅವರ ಹೆಂಡತಿ ಹಿತ್ತಿಲ ಬಾವಿಯನ್ನು ತೋಡಿಸಿ ಶುದ್ಧಿಮಾಡಿಸುವ ಮಾತಾಡುತ್ತಿದ್ದರು. ಒಂದು ತಿಂಗಳು ಕಳೆದು ಅತ್ತ ಹೋದಾಗ ಅದೇ ಬಾವಿಯ ನೀರನ್ನು ನನಗೆ ಕುಡಿಯಲು ತಂದುಕೊಟ್ಟರು. ಆ ಮನೆಯಲ್ಲಿ ಅತಿಥಿಯಾಗಿ ನೀರು ಕುಡಿದುದು ನನಗೆ ಅದೇ ಮೊದಲು.