ಬಾಯಮ್ಮನ ಎರಡು ಪವನು ಮತ್ತು ನಾಣ್ಯ ಸಂಘದ ನಿಯಮ

ಈ ಸಲದ ವಾರ್ಷಿಕ ಹಬ್ಬಕ್ಕೆ ನಮ್ಮ ಯುವ ಸಂಘದವರು ಧರ್ಮಕೇಂದ್ರದ ಸಭಾಭವನದಲ್ಲಿ ಹಳೆಯ ನಾಣ್ಯಗಳ ಸಣ್ಣ ಪ್ರದರ್ಶನ ಇಟ್ಟಿದ್ದೆವು. ಎಲ್ಲವೂ ಮನೆಮನೆಯಿಂದ ಬಂದದ್ದು: ನಡುವೆ ತೂತಿರುವ ಕಾಸು, ಅರ್ಧ ಆಣೆ, ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ, ಯಾರದೋ ಅಜ್ಜ ಗೋವಾದಿಂದ ತಂದಿದ್ದ ಪೋರ್ಚುಗೀಸ್ ದುಡ್ಡು. ನಮ್ಮ ವಾಳೆಯ ಬಾಯಮ್ಮ ಕರವಸ್ತ್ರದ ಗಂಟಿನಲ್ಲಿ ಮೂರು ಚಿನ್ನದ ಪವನು ತಂದರು. ಮೂರಕ್ಕೂ ಸರಕ್ಕೆ ಪೋಣಿಸುವ ಕೊಂಡಿ ಇತ್ತು. "ಐದಿತ್ತು ಮಕ್ಕಳೇ, ಎರಡು ಹೋಯಿತು" ಎಂದರು.

ಹೋದ ಕಥೆ ಹೀಗೆ. ಎರಡು ವರ್ಷದ ಹಿಂದೆ ಆಸ್ಪತ್ರೆಯ ಖರ್ಚಿಗೆಂದು ಅವರು ಎರಡು ಪವನುಗಳನ್ನು ಪೇಟೆಯ ಒಂದು ನಾಣ್ಯ ಮೇಳಕ್ಕೆ ಒಯ್ದಿದ್ದರು. ಅಲ್ಲಿ ಮೇಜು ಹಾಕಿ ಕುಳಿತಿದ್ದ ವ್ಯಾಪಾರಿಯ ಎದುರು, ತಾನು ಇಂಥ ನಾಣ್ಯ ಸಂಗ್ರಾಹಕರ ಸಂಘದ ಸದಸ್ಯ ಎಂಬ ಬೋರ್ಡು ಇತ್ತು. ಬಾಯಮ್ಮ ನಂಬಿದ್ದು ಆ ಬೋರ್ಡನ್ನು. ಆತ ತಿರುಗಿಸಿ ಮುರುಗಿಸಿ ನೋಡಿ, ಹಾಲ್‌ಮಾರ್ಕ್ ಇಲ್ಲ, ಬೆಸುಗೆ ಹಾಕಿ ಹಾಳು ಮಾಡಿದ್ದೀರಿ, 18 ಕ್ಯಾರೆಟ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ ಎಂದ. ಇಂಗ್ಲಿಷಿನಲ್ಲಿ ಎರಡು ಪದ ಮತ್ತು ಒಂದು ಮೊತ್ತ ಬರೆದ ಚೀಟಿ ಕೊಟ್ಟ. ಬಾಯಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಗಲ್ಫಿನಿಂದ ರಜೆಗೆ ಬಂದ ಮಗ ವಿಷಯ ತಿಳಿದು ಸಂಘಕ್ಕೆ ಫೋನ್ ಮಾಡಿದಾಗ, ನಾವು ಸದಸ್ಯರ ದೂರನ್ನು ಮಾತ್ರ ವಿಚಾರಿಸುತ್ತೇವೆ ಎಂಬ ಉತ್ತರ ಬಂತು.

ನಾವು ಆ ಮೂರು ಪವನುಗಳನ್ನು ತೂಗಿ ನೋಡಿದೆವು. ಬಿಎಸ್ಸಿ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ! ಬ್ರಿಟಿಷರ ಸಾವರಿನ್ ಎಂದರೆ ನಾವು ಪವನು ಎನ್ನುವ ಈ ನಾಣ್ಯದ ತೂಕ 7.98 ಗ್ರಾಂ, ಚಿನ್ನ 22 ಕ್ಯಾರೆಟ್. ಚಿನ್ನದಂಗಡಿಯವರು ಪವನು ಎಂದರೆ 8 ಗ್ರಾಂ ಎನ್ನುವುದು ಇದರಿಂದಲೇ. ನೂಲು ಕಟ್ಟಿ ನೀರಿನಲ್ಲಿ ತೂಗಿದರೆ ಸಾಂದ್ರತೆ ಗೊತ್ತಾಗುತ್ತದೆ: 22 ಕ್ಯಾರೆಟ್ ಚಿನ್ನ ನೀರಿಗಿಂತ ಸುಮಾರು 17.5 ಪಟ್ಟು ಭಾರ, 18 ಕ್ಯಾರೆಟ್ 15ರ ಆಸುಪಾಸು. ಕೊಂಡಿಯಿಂದ ಸ್ವಲ್ಪ ಹೆಚ್ಚುಕಡಿಮೆ ಆದರೂ ಎರಡರ ನಡುವೆ ಗೊಂದಲವಾಗುವಷ್ಟಲ್ಲ. ಮೂರೂ 22 ಕ್ಯಾರೆಟೇ. ಹಿಂಬದಿಯಲ್ಲಿ ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ಸಂತ ಜಾರ್ಜರ ಚಿತ್ರ. ಒಂದರಲ್ಲಿ 1918 ಎಂಬ ಇಸವಿ, ಅದರ ಮೇಲೆ ನೆಲದ ಗೆರೆಯಲ್ಲಿ ಇಂಗ್ಲಿಷಿನ ಸಣ್ಣ 'ಐ' ಅಕ್ಷರ. ಅದು ಮುಂಬಯಿಯಲ್ಲಿ ಅಚ್ಚಾದ ಪವನು. ಬ್ರಿಟಿಷ್ ಸಾವರಿನ್ ನಮ್ಮ ದೇಶದಲ್ಲಿ ಮೊದಲು ಅಚ್ಚಾದದ್ದು ಆ ಕಾಲದಲ್ಲೇ.

ಆ ವ್ಯಾಪಾರಿ ಹೇಳಿದ್ದರಲ್ಲಿ ಒಂದು ಮಾತು ನಿಜ ಎಂದು ಒಪ್ಪಬೇಕು. ಬೆಸುಗೆ ಹಾಕಿದ ನಾಣ್ಯ ಸಂಗ್ರಾಹಕರಿಗೆ ಬೇಡ, ಅದಕ್ಕೆ ಹೆಚ್ಚಿನ ಬೆಲೆ ಸಿಗದು. ಆದರೆ ಬೆಸುಗೆಯಿಂದ ಚಿನ್ನ 22ರಿಂದ 18ಕ್ಕೆ ಇಳಿಯುವುದಿಲ್ಲ. ನಾಣ್ಯದ ವ್ಯಾಪಾರ ಮಾಡುವವನಿಗೆ ಪವನು ಎಷ್ಟು ಕ್ಯಾರೆಟ್ ಎಂದು ಗೊತ್ತಿಲ್ಲ ಎಂದರೆ ಮೀನು ಮಾರುವವನಿಗೆ ಬಂಗುಡೆ ಗೊತ್ತಿಲ್ಲ ಎಂದ ಹಾಗೆ. ಆ ಒಂದು ಮಾತಿನಲ್ಲಿ ಬಾಯಮ್ಮ ಕಳೆದುಕೊಂಡದ್ದು ನೂರು ರೂಪಾಯಿಗೆ 18 ರೂಪಾಯಿ.

ಹಾಗಾದರೆ ಸಂಗ್ರಾಹಕರ ಸಂಘ ವ್ಯಾಪಾರಿಗಳಿಗೆ ನಿಯಮ ಹಾಕಬೇಕೆ? ಭಾನುವಾರ ಬಲಿಪೂಜೆಯ ನಂತರ ಇದೇ ಚರ್ಚೆಯಲ್ಲಿ ಮಧ್ಯಾಹ್ನವಾಯಿತು. ಹಾಕಬೇಕು ಎನ್ನುವುದು ನಮ್ಮ ಪಕ್ಷ. ಆದರೆ ಯಾರಿಗಾಗಿ ಹಾಕುವುದು ಎನ್ನುವಲ್ಲಿ ಹೆಚ್ಚಿನ ಸಂಘಗಳು ತಪ್ಪುತ್ತವೆ ಎಂದು ನಮಗೆ ಅನ್ನಿಸುತ್ತದೆ.

ಅಮೆರಿಕದವರು ಈ ಪ್ರಶ್ನೆಯೊಡನೆ ಬಹಳ ಕಾಲ ಗುದ್ದಾಡಿದ್ದಾರೆ. ಅಲ್ಲಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಶನ್ 1891ರಲ್ಲಿ ಹುಟ್ಟಿದ ಸಂಘ. ಕೊಳ್ಳುವವರೂ ಮಾರುವವರೂ ಅದರ ಸದಸ್ಯರು. ನಕಲಿ ನಾಣ್ಯದ ಕಾಟ ಹೆಚ್ಚಾದಾಗ 1972ರಲ್ಲಿ ಅದು ನಾಣ್ಯ ಪರೀಕ್ಷಿಸಿ ಪ್ರಮಾಣಪತ್ರ ಕೊಡಲು ಹೊರಟಿತು. ಮರುವರ್ಷ ಸರಕಾರವೂ, ನಕಲು ನಾಣ್ಯದ ಮೇಲೆ 'ಕಾಪಿ' ಎಂದು ಅಚ್ಚೊತ್ತಿರಲೇಬೇಕು ಎಂಬ ಕಾನೂನು ತಂದಿತು. ಅಲ್ಲಿಯವರೆಗೆ ಸಲೀಸು. ಅಸಲಿಯೋ ನಕಲಿಯೋ ಎನ್ನುವುದಕ್ಕೆ ತಕ್ಕಡಿ ಇದೆ, ಭೂತಗನ್ನಡಿ ಇದೆ. 1979ರಲ್ಲಿ ಸಂಘ ದರ್ಜೆ ಕೊಡುವುದಕ್ಕೂ ಕೈಹಾಕಿತು. ನಾಣ್ಯ ಎಷ್ಟು ಸವೆದಿದೆ, ಹೊಳಪು ಎಷ್ಟು ಉಳಿದಿದೆ ಎಂದು 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿ ಅದು. ಅಲ್ಲಿ ಅಳತೆಗೋಲು ಇಲ್ಲ, ಪಳಗಿದ ಕಣ್ಣಿನ ಅಭಿಪ್ರಾಯ ಮಾತ್ರ. ಎರಡು ಅಂಕ ಹೆಚ್ಚಾದರೆ ಬೆಲೆ ಹಲವು ಪಟ್ಟು ಏರುವುದುಂಟು. ಅದೇ ನಾಣ್ಯಕ್ಕೆ ಬೇರೆ ಬೇರೆ ಸಮಯದಲ್ಲಿ ಬೇರೆ ದರ್ಜೆ ಎಂಬ ದೂರುಗಳು ಬಂದವು. ದರ್ಜೆ ಏರಿಸಿ ಮಾರಿದ ಕೆಲವು ವ್ಯಾಪಾರಿಗಳ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ದಾವೆ ಹೂಡಿತು. 1990ರಲ್ಲಿ ಸಂಘ ದರ್ಜೆ ಕೊಡುವ ವಿಭಾಗವನ್ನು ಒಂದು ಖಾಸಗಿ ಕಂಪನಿಗೆ ಮಾರಿತು. ವ್ಯಾಪಾರಿಗಳೇ ಕಟ್ಟಿಕೊಂಡ ಇನ್ನೊಂದು ಸಂಘದಲ್ಲಂತೂ ಸದಸ್ಯನಾಗುವವನು ಜಗಳ ಬಂದರೆ ಮಧ್ಯಸ್ಥರ ತೀರ್ಪಿಗೆ ಬದ್ಧನಾಗಿರಬೇಕು. ನಮಗೆ ಹಿಡಿಸಿದ್ದು ಇದು. ಕೆಟ್ಟವನೊಬ್ಬ ಸಂಘದೊಳಗೆ ಬರಲಾರ ಎಂದಲ್ಲ. ಬಂದರೆ ಅವನನ್ನು ಎಲ್ಲಿ ಕೇಳಬೇಕು ಎಂಬುದಕ್ಕೆ ಒಂದು ಜಾಗ ಇದೆ.

ನಮ್ಮ ದೇಶದಲ್ಲಿ ಕಾನೂನು ಇಲ್ಲವೇ ಎಂದರೆ, ಇದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಅದನ್ನು ಮಾರುವ ವ್ಯಾಪಾರ ಮಾಡಲು ಪರವಾನಗಿ ಬೇಕು. ಬಾಯಮ್ಮನ 1918ರ ಪವನು ಈಗ ಆ ಸಾಲಿಗೆ ಸೇರಿದೆ. ಆದರೆ ಆ ಕಾನೂನಿಗೆ ಚಿಂತೆ ದೇಶದ ಸೊತ್ತು ಹೊರಗೆ ಹೋಗದಿರಲಿ ಎಂದು. ಮೇಜಿನ ಈಚೆ ಕುಳಿತ ಮುದುಕಿಗೆ ವ್ಯಾಪಾರಿ ನಿಜ ಹೇಳಿದನೇ ಎಂದು ಅದು ಕೇಳುವುದಿಲ್ಲ. ರಿಸರ್ವ್ ಬ್ಯಾಂಕೂ 2021ರಲ್ಲಿ, ತನ್ನ ಹೆಸರು ಹೇಳಿ ಹಳೆಯ ನೋಟು, ನಾಣ್ಯಗಳ ಮಾರಾಟಕ್ಕೆ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ಎಚ್ಚರಿಸಿತ್ತು. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷ ಸಿಗುತ್ತದೆ ಎಂಬ ವಾಟ್ಸಾಪ್ ಸಂದೇಶ ನಮ್ಮ ಗುಂಪಿಗೂ ಮೂರು ಸಲ ಬಂದಿದೆ, ಮೂರು ಭಾಷೆಯಲ್ಲಿ!

ನಮ್ಮಲ್ಲೊಬ್ಬ ಚಿನ್ನದಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅವನ ವಾದ ಬೇರೆ. ಇಪ್ಪತ್ತು ವರ್ಷ ಕಲಿತ ವಿದ್ಯೆಯನ್ನು ವ್ಯಾಪಾರಿ ಪುಕ್ಕಟೆ ಹಂಚಬೇಕೆ? ಮಾರುವವರಿಗೆ ಗೊತ್ತಿಲ್ಲದಿದ್ದರೆ ಅದು ಅವರ ತಪ್ಪಲ್ಲವೇ? ನಿಯಮ, ಶುಲ್ಕ, ಪ್ರಮಾಣಪತ್ರ ಎಂದರೆ ದೊಡ್ಡ ಅಂಗಡಿಯವರು ಉಳಿಯುತ್ತಾರೆ, ಜಾತ್ರೆಯಲ್ಲಿ ಗೋಣಿ ಹಾಸಿ ಕುಳಿತವನು ಹೋಗುತ್ತಾನೆ ಎಂದ. ಕೊನೆಯ ಮಾತಿಗೆ ನಮ್ಮಲ್ಲಿ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಮೊದಲ ಮಾತಿಗೆ ಫಾದರ್ ಒಂದು ದಾರಿ ತೋರಿಸಿದರು. ಸಂತ ಥಾಮಸ್ ಅಕ್ವಿನಾಸರು ತಮ್ಮ ಸುಮ್ಮಾ ಗ್ರಂಥದಲ್ಲಿ ಕೊಡುಕೊಳ್ಳುವಿಕೆಯ ಮೋಸದ ಬಗ್ಗೆಯೇ ಒಂದು ಪ್ರಶ್ನೆ ಎತ್ತಿಕೊಂಡಿದ್ದಾರೆ. ಸಂತ ಅಗಸ್ಟಿನರು ಹೇಳಿದ ಒಬ್ಬ ಮನುಷ್ಯನ ನೆನಪು ಅಲ್ಲಿ ಬರುತ್ತದೆ. ಪುಸ್ತಕ ಮಾರಲು ಬಂದವನಿಗೆ ಅದರ ಬೆಲೆ ಗೊತ್ತಿರಲಿಲ್ಲ, ಕೊಂಡವನು ಮಾತ್ರ ಅವನು ನಿರೀಕ್ಷಿಸದ ನ್ಯಾಯವಾದ ಬೆಲೆಯನ್ನೇ ಕೊಟ್ಟ. ಇನ್ನೂ ನೇರವಾದ ಮಾತೂ ಇದೆ: ಚಿನ್ನವನ್ನು ತಾಮ್ರವೆಂದು ತಿಳಿದು ಒಬ್ಬ ಮಾರುತ್ತಿದ್ದಾನೆ, ಕೊಳ್ಳುವವನಿಗೆ ಅದು ಚಿನ್ನವೆಂದು ಗೊತ್ತಿದೆ ಎಂದಾದರೆ, ಅವನು ಕೊಂಡದ್ದು ಅನ್ಯಾಯ, ನಷ್ಟ ತುಂಬಿಕೊಡಬೇಕು. ಅದೇ ಅಕ್ವಿನಾಸರು ವ್ಯಾಪಾರಿಯ ಮೇಲೆ ಎಲ್ಲ ಹೊರೆಯನ್ನೂ ಹೊರಿಸುವುದಿಲ್ಲ. ಬರಗಾಲದ ಊರಿಗೆ ಧಾನ್ಯ ತಂದವನು, ಹಿಂದೆ ಇನ್ನೂ ಗಾಡಿಗಳು ಬರುತ್ತಿವೆ ಎಂದು ಹೇಳಲೇಬೇಕೆಂದಿಲ್ಲ, ಹೇಳಿದರೆ ಅದು ಹೆಚ್ಚಿನ ಸದ್ಗುಣ, ಅಷ್ಟೆ.

ನಮಗೆ ಬೇಕಾದ ಗೆರೆ ಇಲ್ಲೇ ಇದೆ ಎಂದು ಕಂಡಿತು. ಕೈಯಲ್ಲಿರುವ ವಸ್ತು ಏನು ಎಂದು ವ್ಯಾಪಾರಿ ಹೇಳಲೇಬೇಕು: ಲೋಹ, ತೂಕ, ಯಾವ ಟಂಕಸಾಲೆ, ಯಾವ ದೋಷ. ಅದನ್ನು ನಾಳೆ ಯಾರಿಗೆ, ಎಷ್ಟಕ್ಕೆ ಮಾರುತ್ತಾನೆ ಎನ್ನುವುದು ಅವನ ವಿದ್ಯೆ, ಅದರ ಲಾಭ ಅವನಿಗಿರಲಿ. ದರ್ಜೆ ಹೇಳುವುದಾದರೆ ಅದು ತನ್ನ ಅಭಿಪ್ರಾಯ ಎಂದೇ ಹೇಳಲಿ. ಇದಕ್ಕೆ ಸಂಘ ಬೆಲೆ ಕಟ್ಟಬೇಕಿಲ್ಲ, ಗೋಣಿ ಹಾಸಿ ಕುಳಿತವನಿಗೂ ದುಬಾರಿಯಲ್ಲ.

ಸಂಘಗಳ ನಿಯಮಗಳು ಸಾಮಾನ್ಯವಾಗಿ ನೆನಪಿಡುವುದು ಕೊಳ್ಳುವ ಸಂಗ್ರಾಹಕನನ್ನು, ಏಕೆಂದರೆ ಚಂದಾ ಕಟ್ಟಿ ಮತ ಹಾಕುವವನು ಅವನೇ. ಜೀವನದಲ್ಲಿ ಒಂದೇ ಸಲ, ಅದೂ ಕಷ್ಟಕ್ಕೆ, ಪೆಟ್ಟಿಗೆ ತೆರೆದು ಮಾರಲು ಬರುವವರು ಯಾವ ಸಂಘದ ಸದಸ್ಯರೂ ಅಲ್ಲ. ತನ್ನ ಹೆಸರಿನ ಬೋರ್ಡನ್ನು ಮೇಜಿನ ಮೇಲಿಡಲು ಬಿಟ್ಟ ಸಂಘ, ಆ ಬೋರ್ಡು ನೋಡಿ ನಂಬಿದವರ ದೂರನ್ನು ಕೇಳುವುದಿಲ್ಲ ಎಂದರೆ ಬೋರ್ಡು ಹಾಕಿಸಿದ್ದೇಕೆ? ದೂರು ವಿಚಾರಿಸುವ ಸಮಿತಿಯಲ್ಲಿ ವ್ಯಾಪಾರಿಗಳೇ ತುಂಬಿರಬಾರದು ಎಂಬುದೂ, ಚೀಟಿ ಮಾರುವವರು ಓದಬಲ್ಲ ಭಾಷೆಯಲ್ಲಿರಬೇಕು ಎಂಬುದೂ ನಮಗೆ ಅಷ್ಟೇ ಮುಖ್ಯ. ನಾಲ್ಕು ಭಾಷೆಯ ಈ ಗಡಿನಾಡಿನಲ್ಲಿ ಎರಡನೆಯದು ಸಣ್ಣ ಮಾತಲ್ಲ. ರೇಷನ್ ಕಾರ್ಡಿನಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ ಅದನ್ನು ಅನುಭವಿಸಿದವರು ನಾವು.

ಇಷ್ಟನ್ನೂ ಬರೆದು ಆ ಸಂಘಕ್ಕೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳುಹಿಸಿದ್ದೇವೆ, ಕೆಳಗೆ ಬಾಯಮ್ಮನ ಸಹಿ ಇದೆ. ಉತ್ತರ ಇನ್ನೂ ಬಂದಿಲ್ಲ. ಮೂರು ಪವನುಗಳ ತೂಕ, ಇಸವಿ, ಗುರುತುಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೇವೆ. ಅದನ್ನು ಅವರು ನಾಣ್ಯಗಳ ಜೊತೆಗೆ ಅದೇ ಕರವಸ್ತ್ರದಲ್ಲಿ ಗಂಟು ಹಾಕಿಟ್ಟಿದ್ದಾರೆ. ಮನೆಯಲ್ಲಿ ಹಳೆಯ ನಾಣ್ಯವಿದ್ದು, ಮಾರುವ ಯೋಚನೆ ಇರುವವರು ಭಾನುವಾರ ಎರಡನೇ ಪೂಜೆಯ ನಂತರ ಸಭಾಭವನಕ್ಕೆ ಬನ್ನಿ. ತಕ್ಕಡಿ ನಮ್ಮಲ್ಲಿದೆ.