ಅಕ್ಕನ ಪರವಾಗಿ ಹೇಳಿದ ‘ಹೂಂ’

ಆರು ವರ್ಷದ ಹಿಂದೆ ನನ್ನ ಅಕ್ಕ ಜೇವರ್ಗಿಯಿಂದ ಕಲಬುರಗಿಗೆ ಬಂದು, ಅಲ್ಲಿಂದ ರೈಲು ಹತ್ತಿ ಬೇಗಂಪೇಟೆಯಲ್ಲಿ ಇಳಿದಳು. ತಿಂಗಳಿಗೆ ಹನ್ನೆರಡು ದಿನ ಮುಟ್ಟು, ಮೈಯಲ್ಲಿ ರಕ್ತವಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆಗ ಅವಳಿಗೆ ಮೂವತ್ತೊಂಬತ್ತು. ಅಮೀರ್‌ಪೇಟ್‌ನ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗೆಡ್ಡೆಗಳು ಕಂಡವು.

ವೈದ್ಯೆ ತೆಲುಗಿನಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ ವಿವರಿಸಿದರು. ಅಕ್ಕನಿಗೆ ಎರಡೂ ಬಾರದು. ಇಂಥ ಗೆಡ್ಡೆಗಳು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ. ರಕ್ತಸ್ರಾವ ತಗ್ಗಿಸಲು ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವಿದೆ, ಗೆಡ್ಡೆಯನ್ನಷ್ಟೇ ತೆಗೆಯಲೂಬಹುದು. ಯಾವುದೂ ಬೇಡವೆಂದರೆ ಗರ್ಭಕೋಶವನ್ನೇ ತೆಗೆಯಬೇಕು. ಅಂಡಾಶಯಗಳು ಚೆನ್ನಾಗಿವೆ, ಉಳಿಸೋಣವೋ ತೆಗೆಯೋಣವೋ ಅವರನ್ನೇ ಕೇಳಿ, ಅಂದರು.

ನನ್ನ ತಲೆಯಲ್ಲಿ ಸೋಮವಾರದ ರಿಲೀಸ್ ಇತ್ತು. ರಜೆ ಉಳಿದಿದ್ದು ಎರಡೇ ದಿನ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು: ಈ ಮಾತುಗಳನ್ನು ನಾನು ಅಕ್ಕನ ಎದುರು ಒಮ್ಮೆಯೂ ಆಡಿದವನಲ್ಲ. ನಮ್ಮ ಮನೆಯಲ್ಲಿ ಅವಳು ‘ಹೊರಗೆ’ ಕೂತ ದಿನಗಳಲ್ಲಿ ಯಾಕೆ ಎಂದು ಕೇಳುವ ಪದ್ಧತಿಯೇ ಇರಲಿಲ್ಲ. ವೈದ್ಯೆಯ ಹತ್ತು ನಿಮಿಷದ ಮಾತನ್ನು ಒಂದು ಸಾಲಿಗೆ ಇಳಿಸಿದೆ: “ಹೊಟ್ಟ್ಯಾಗ ಗಂಟ್ ಅದ ಅಕ್ಕಾ, ಆಪರೇಷನ್ ಮಾಡಿದ್ರ ಆರಾಮ ಆಗ್ತದಂತ.”

“ನೀ ಹೆಂಗ ಅಂತಿ ಹಂಗ ತಮ್ಮಾ,” ಅಂದಳು.

ನಾನು ವೈದ್ಯೆಯ ಕಡೆ ತಿರುಗಿ, ಎಲ್ಲ ತೆಗೆದುಬಿಡಿ ಎಂದೆ. ಮುಂದೆ ಯಾವ ತಲೆನೋವೂ ಇರಬಾರದು ಅಂತ. ಇಂಗ್ಲಿಷಿನಲ್ಲಿದ್ದ ಫಾರ್ಮಿನಲ್ಲಿ ನಾನು ಬೆರಳಿಟ್ಟು ತೋರಿಸಿದ ಕಡೆ ಅಕ್ಕ ಕನ್ನಡದಲ್ಲಿ ಸಹಿ ಹಾಕಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ರಕ್ತಸ್ರಾವ ನಿಂತಿತು. ಆದರೆ ಕೆಲವೇ ವಾರಗಳಲ್ಲಿ ಅವಳಿಗೆ ರಾತ್ರಿ ಮೈಗೆ ಬೆಂಕಿ ಬಿದ್ದ ಹಾಗೆ ಆಗತೊಡಗಿತ್ತು. ಬೆವರು, ನಿದ್ದೆಯಿಲ್ಲ, ಕೀಲುನೋವು. ಎರಡು ವರ್ಷ ಯಾರಿಗೂ ಹೇಳಲಿಲ್ಲ. ಕೊನೆಗೆ ಕಲಬುರಗಿಯ ಒಬ್ಬ ವೈದ್ಯರು ಕಾಗದ ನೋಡಿ, ಇಷ್ಟು ಚಿಕ್ಕ ವಯಸ್ಸಿಗೆ ಅಂಡಾಶಯ ಯಾಕೆ ತೆಗೆಸಿದಿರಿ ಎಂದು ಕೇಳಿದರಂತೆ. ನನಗೆ ಗೊತ್ತಿಲ್ಲ, ತಮ್ಮನಿಗೆ ಗೊತ್ತು ಅಂದಳಂತೆ. ಅವತ್ತು ಸಂಜೆ ಫೋನ್ ಬಂತು. ಆ ದಿನ ವೈದ್ಯೆ ಹೇಳಿದ್ದನ್ನೆಲ್ಲ ಮೊದಲ ಸಲ ಪೂರ್ತಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: “ಕೇಳಿದ್ರೂ ನಾ ಹೂಂ ಅಂತಿದ್ದೆನೋ ಏನೋ. ಆದ್ರ ಕೇಳಬೇಕಿತ್ತಲ್ಲೋ.”

ಅಂದಿನಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದೇ. ಉತ್ತರ ಹೇಗೂ ‘ಹೂಂ’ ಎಂದೇ ಬರುವುದಾದರೆ, ಕೇಳದಿದ್ದರೆ ಏನು ತಪ್ಪು?

ಇಂಥದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. 1995ರಲ್ಲಿ ದೆಹಲಿಯಲ್ಲಿ ನಲವತ್ನಾಲ್ಕು ವರ್ಷದ ಅವಿವಾಹಿತೆ ಸಮೀರಾ ಕೊಹ್ಲಿ ಅತಿಯಾದ ಮುಟ್ಟಿನ ತೊಂದರೆಗಾಗಿ ಲ್ಯಾಪರೋಸ್ಕೋಪಿ ಪರೀಕ್ಷೆಗೆ ಒಳಗಾದರು. ಅವರು ಅರಿವಳಿಕೆಯಲ್ಲಿದ್ದಾಗಲೇ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆಯಲಾಯಿತು. 2008ರ ಜನವರಿಯಲ್ಲಿ ಬಂದ ತೀರ್ಪು ಸ್ಪಷ್ಟವಾಗಿತ್ತು: ಪ್ರಾಣಕ್ಕೆ ತುರ್ತು ಅಪಾಯವಿಲ್ಲದಿರುವಾಗ, ಎಚ್ಚರವಾಗಿ ತಾವೇ ಹೇಳಬಲ್ಲ ವಯಸ್ಕರ ಪರವಾಗಿ ತಾಯಿಯೂ ಒಪ್ಪಿಗೆ ಕೊಡಲಾಗದು. ಚಿಕಿತ್ಸೆ ಏನು, ಬೇರೆ ದಾರಿ ಯಾವುದು, ಅಪಾಯವೇನು, ಮಾಡಿಸದಿದ್ದರೆ ಏನಾಗುತ್ತದೆ, ಇಷ್ಟು ತಿಳಿದ ಮೇಲೆ ಕೊಟ್ಟದ್ದೇ ಒಪ್ಪಿಗೆ. ವೈದ್ಯರ ಉದ್ದೇಶ ಒಳ್ಳೆಯದಿತ್ತು ಎಂಬುದು ಸಾಲಲಿಲ್ಲ.

ನನ್ನ ಅಕ್ಕನ ಕಾಗದದಲ್ಲಿ ಅವಳದೇ ಸಹಿಯಿದೆ. ನೋಡುವವರಿಗೆ ಎಲ್ಲ ಸರಿಯಾಗಿದೆ. ಸಹಿಯ ಹಿಂದೆ ಇರಬೇಕಾಗಿದ್ದ ತಿಳಿವಳಿಕೆ ಮಾತ್ರ ನನ್ನ ಬಾಯಲ್ಲೇ ಉಳಿದಿತ್ತು.

ಸ್ವತಃ ‘ಹೂಂ’ ಅಂದವರ ಕಥೆಯೂ ಇದಕ್ಕಿಂತ ಬೇರೆಯಲ್ಲ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಸಂಗತಿ ಹೊರಬಂತು. ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಚೀಲವನ್ನೇ ತೆಗೆದುಹಾಕಿದ್ದರು. ಎಷ್ಟೋ ಮಂದಿ ನಲವತ್ತು ದಾಟದವರು. ಬಿಳಿ ಸೆರಗು ಬಹಳ ಸಲ ಒಂದು ಸೋಂಕು, ಮಾತ್ರೆಯಲ್ಲಿ ವಾಸಿಯಾಗುವಂಥದ್ದು. ಆದರೆ ಅವರ ಮುಂದೆ ಇಟ್ಟಿದ್ದು ಒಂದೇ ಮಾತು: ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ. ಅವರು ಹೂಂ ಅಂದರು. ಒಂದೇ ಬಾಗಿಲು ತೆರೆದಿಟ್ಟು, ಹಿಂದಿನಿಂದ ಹೆದರಿಸಿ, ಆಮೇಲೆ ಅವರೇ ಒಳಗೆ ಬಂದರು ಎನ್ನುವುದು ಒಪ್ಪಿಗೆಯಲ್ಲ. ಇದು ಒಂದು ಜಿಲ್ಲೆಯ ಮಾತೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಗರ್ಭಕೋಶ ತೆಗೆಸಿಕೊಂಡವರು ಶೇಕಡಾ 3ರ ಆಸುಪಾಸು. ನಾವಿರುವ ತೆಲಂಗಾಣದಲ್ಲಿ, ಪಕ್ಕದ ಆಂಧ್ರದಲ್ಲಿ ಶೇಕಡಾ 8ರ ಆಸುಪಾಸು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿ ಎಂದು ಎಲ್ಲ ರಾಜ್ಯಗಳಿಗೂ ಹೇಳಬೇಕಾಯಿತು.

ಈ ಆಪರೇಷನ್ನೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದಾಗ, ಯಾವ ಔಷಧಿಗೂ ರಕ್ತ ನಿಲ್ಲದಾಗ ಅದು ಜೀವ ಉಳಿಸುತ್ತದೆ. ಎಲ್ಲ ತಿಳಿದೂ, ಸಾಕಪ್ಪ ಈ ನೋವು ಎಂದು ತಾವಾಗಿ ಅದನ್ನೇ ಆರಿಸಿಕೊಂಡು ನೆಮ್ಮದಿಯಾಗಿರುವವರೂ ಇದ್ದಾರೆ. ನನ್ನ ಪ್ರಶ್ನೆ ಆರಿಸಿಕೊಂಡವರು ಯಾರು ಎಂಬುದಷ್ಟೇ.

ನಾವೆಲ್ಲ ಎಷ್ಟು ಸಲೀಸಾಗಿ ಅನ್ನುತ್ತೇವೆ: ಮಕ್ಕಳಾದವು, ಇನ್ನು ಅದರ ಕೆಲಸವೇನು? ಈ ಮಾತಿನಲ್ಲಿ ಗರ್ಭಕೋಶ ಮನೆತನದ ಸೊತ್ತು, ಹೆಣ್ಣು ಅದರ ಕಾವಲುಗಾರ್ತಿ. ಅಂಡಾಶಯ ಮುಟ್ಟು ನಿಲ್ಲುವವರೆಗೆ ಅವಳ ಮೂಳೆಯನ್ನು, ಹೃದಯವನ್ನು ಕಾಯುತ್ತಿರುತ್ತದೆ. ಅದು ಅವಳ ಸಲುವಾಗಿ ಮಾಡುವ ಕೆಲಸ. ನಮ್ಮ ಲೆಕ್ಕದಲ್ಲಿ ಅದು ಬರಲೇ ಇಲ್ಲ.

ಊರು ಬಿಟ್ಟ ನಮಗೆ ಈ ಮಾತು ಇನ್ನೂ ಹತ್ತಿರದ್ದು. ಊರಿನವರು ಆಸ್ಪತ್ರೆಗೆಂದು ಬಂದಾಗ ಅವರಿಗೂ ವೈದ್ಯರಿಗೂ ನಡುವೆ ಕೂರುವವರು ನಾವು. ಎರಡು ಭಾಷೆ ಬಲ್ಲವನು ಬರೀ ಮಾತು ದಾಟಿಸುತ್ತೇನೆ ಅಂದುಕೊಂಡಿರುತ್ತಾನೆ. ಆದರೆ ಯಾವುದನ್ನು ದಾಟಿಸಬೇಕು, ಯಾವುದನ್ನು ನುಂಗಬೇಕು ಎಂದು ಆರಿಸುವಾಗಲೇ ಅರ್ಧ ತೀರ್ಮಾನ ಮುಗಿದಿರುತ್ತದೆ. ಆಫೀಸಿನಲ್ಲಿ ಗ್ರಾಹಕರು ಹೇಳಿದ್ದರಲ್ಲಿ ಒಂದು ಸಾಲು ಬಿಟ್ಟರೂ ನಾನು ಟೀಮಿನವರನ್ನು ಬಿಡುವವನಲ್ಲ. ಅಕ್ಕನ ಮೈಯ ವಿಷಯದಲ್ಲಿ ಒಂದು ಸಾಲಷ್ಟೇ ಉಳಿಸಿ ಮಿಕ್ಕದ್ದೆಲ್ಲ ಬಿಟ್ಟೆ. ಅದಕ್ಕೆ ಪ್ರೀತಿ, ಕಾಳಜಿ ಎಂದು ಹೆಸರಿಟ್ಟುಕೊಂಡೆ. ಪ್ರೀತಿ ಸುಳ್ಳಲ್ಲ. ಆದರೆ ನಾಚಿಕೆ ಮತ್ತು ಅವಸರ ಅದರ ಮರೆಯಲ್ಲಿ ನಿಂತಿದ್ದವು.

ಹೋದ ತಿಂಗಳು ಅಕ್ಕ ಮೂಳೆಯ ಸಾಂದ್ರತೆ ಪರೀಕ್ಷೆಗೆ ಮತ್ತೆ ಅಮೀರ್‌ಪೇಟ್‌ಗೆ ಬಂದಿದ್ದಳು. ವೈದ್ಯರು ಒಂದೊಂದು ವಾಕ್ಯ ಹೇಳಿದಾಗಲೂ ತಡೆದು, ಅದನ್ನು ಪೂರ್ತಿ ಕನ್ನಡದಲ್ಲಿ ಹೇಳಿದೆ. ಅಂಡಾಶಯ, ಮುಟ್ಟು, ಹಾರ್ಮೋನ್ ಎಲ್ಲ ಪದಗಳೂ ನನ್ನ ಬಾಯಲ್ಲಿ ಬಂದವು. ಮೊದಲ ಐದು ನಿಮಿಷ ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಆಮೇಲೆ ಅವಳೇ ಪ್ರಶ್ನೆ ಕೇಳತೊಡಗಿದಳು. ಯಾವ ಔಷಧಿ ಶುರು ಮಾಡೋಣ ಎಂದು ವೈದ್ಯರು ಕೇಳಿದಾಗ ಅಭ್ಯಾಸಬಲದಿಂದ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ನಾಳಿಗಿ ಹೇಳ್ತೀನಂತ ಹೇಳು ಅವರಿಗಿ,” ಅಂದಳು.

ಹೇಳಿದೆ. ಆ ರಾತ್ರಿಯ ರೈಲು ಟಿಕೆಟ್ ರದ್ದು ಮಾಡಿದೆ.